ಹದಿನಾಲ್ಕು ತಿರುವು, ಮೂರು ಬಾಳೆಹಣ್ಣು

ಕಾಪುವಿನಿಂದ ಆರನೇ ತರಗತಿಯ ಹುಡುಗನೊಬ್ಬ ಕಾರ್ಡು ಬರೆದಿದ್ದಾನೆ. "ಅಜ್ಜ, ನಾವು ಶೃಂಗೇರಿಗೆ ಹೋಗುವಾಗ ಆಗುಂಬೆ ಘಾಟಿಯಲ್ಲಿ ನನಗೆ ಮೂರು ಸಲ ವಾಂತಿ ಆಯಿತು. ಆ ರಸ್ತೆಯನ್ನು ಅಷ್ಟೊಂದು ಸುತ್ತಿಸಿದ್ದು ಯಾಕೆ? ನೇರ ಮಾಡಿದ್ದರೆ ಬೇಗ ಮುಗಿಯುತ್ತಿರಲಿಲ್ವಾ?"

ಮೂರು ಸಲ ವಾಂತಿ ಮಾಡಿಕೊಂಡವನಿಗೆ ಇದನ್ನು ಕೇಳುವ ಪೂರ್ತಿ ಹಕ್ಕು ಉಂಟು. ಉತ್ತರಕ್ಕೆ ಒಂದು ಕಾಗದ, ಕತ್ತರಿ, ಪೆನ್ಸಿಲು ಸಾಕು. ಕಾಗದವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ. ತ್ರಿಕೋನ ಸಿಕ್ಕಿತಲ್ಲ? ಅದರ ಓರೆ ಅಂಚಿಗೆ ಬಣ್ಣದ ಗೆರೆ ಎಳೆಯಿರಿ. ಈಗ ನೆಟ್ಟಗಿನ ಅಂಚನ್ನು ಪೆನ್ಸಿಲಿಗೆ ಹಿಡಿದು ಕಾಗದವನ್ನು ಸುತ್ತುತ್ತಾ ಹೋಗಿ. ಬಣ್ಣದ ಗೆರೆ ಪೆನ್ಸಿಲನ್ನು ಬಳಸಿಕೊಂಡು ಮೇಲೆ ಹೋಗುತ್ತದೆ. ಪೆನ್ಸಿಲು ಬೆಟ್ಟ, ಗೆರೆ ರಸ್ತೆ. ಬೆಟ್ಟದ ಎತ್ತರ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ; ಗೆರೆ ಉದ್ದವಾದಷ್ಟೂ ಏರು ಮೆತ್ತಗಾಯಿತು, ಅಷ್ಟೆ. ಆಗುಂಬೆಯಲ್ಲಿ ಹೀಗೆ ಸುತ್ತು ಬರಲು ಜಾಗವಿಲ್ಲ, ಎದುರಿಗಿರುವುದು ಗೋಡೆ. ಹಾಗಾಗಿ ಅದೇ ಗೆರೆಯನ್ನು ಸೀರೆಯ ನೆರಿಗೆಯ ಹಾಗೆ ಮಡಚಿ ಮಡಚಿ ಇಟ್ಟಿದ್ದಾರೆ. ಅಂಥ ಮಡಿಕೆ 14.

ಕಾಗದದ ಉತ್ತರ ಇಷ್ಟು. ಕಾಲಿನ ಉತ್ತರ ಬೇರೆ ಉಂಟು. ಅದು ನನಗೆ ಸಿಕ್ಕಿದ್ದು ಕಳೆದ ಡಿಸೆಂಬರಿನಲ್ಲಿ, ಎಂಟನೇ ತರಗತಿಯ ನನ್ನ ಮೊಮ್ಮಗಳ ಜೊತೆ ಶಂಕರಪುರದಿಂದ ಆಗುಂಬೆಗೆ ಸೈಕಲ್ಲಿನಲ್ಲಿ ಹೋದಾಗ.

ಹೋಗಬೇಕೆಂದು ಹಟ ಹಿಡಿದವಳು ಅವಳು. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಶಾಲೆಯ ಆಟದ ಪಿರಿಯಡ್ಡಿನಲ್ಲಿ ಹೆಚ್ಚಿನ ದಿನ ಅವಳ ಕೆಲಸ ಗೆಳತಿಯರ ಚಪ್ಪಲಿ ಕಾಯುವುದು. ಎರಡು ವರ್ಷದಿಂದ ಸ್ವಲ್ಪ ಸುಧಾರಿಸಿದೆ. ಡಾಕ್ಟರರು, "ಸೈಕಲ್ಲು ಬಿಡಲಿ, ಒಳ್ಳೆಯದೇ. ಇನ್‌ಹೇಲರ್ ಜೊತೆಗಿರಲಿ, ಏದುಸಿರು ಬರುವ ಮೊದಲೇ ನಿಲ್ಲಲಿ" ಎಂದಿದ್ದರು. ಅವಳು ಆರು ತಿಂಗಳು ಶಿರ್ವಕ್ಕೆ, ಕಟಪಾಡಿಗೆ, ಆಮೇಲೆ ಮಣಿಪಾಲಕ್ಕೆ ಸೈಕಲ್ಲು ಬಿಟ್ಟು ಅಭ್ಯಾಸ ಮಾಡಿದಳು. ಮಣಿಪಾಲದ ಏರು ಹತ್ತಿದ ದಿನ ಮನೆಗೆ ಬಂದು, "ಇನ್ನು ಆಗುಂಬೆ" ಎಂದಳು.

ಮನೆಯಲ್ಲಿ ಅವಳ ಅಜ್ಜಿ ಒಪ್ಪಲಿಲ್ಲ. ನಮ್ಮದು ಮಲ್ಲಿಗೆಯ ಊರು. ಬೆಳಗಾಗುವ ಹೊತ್ತಿಗೆ ಮೊಗ್ಗು ಕೊಯ್ದು ತಂದು, ನೆನೆಸಿದ ಬಾಳೆ ನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯೆಂದು ಕಟ್ಟೆಗೆ ಮುಟ್ಟಿಸಿದ ಮೇಲೆಯೇ ಮನೆಯವರಿಗೆ ಮಾತಿಗೆ ಪುರುಸೊತ್ತು. ಚಳಿಗೆ ಹೂ ಕಡಿಮೆ, ಪುರುಸೊತ್ತು ಜಾಸ್ತಿ. ಹಾಗಾಗಿ ಮಾತೂ ಜಾಸ್ತಿಯಾಯಿತು. "ಅರುವತ್ತನಾಲ್ಕು ವರ್ಷದ ಮುದುಕ, ಉಬ್ಬಸದ ಮಗು, ಘಾಟಿ. ಇದಕ್ಕಿಂತ ಬುದ್ಧಿವಂತಿಕೆಯ ಕೆಲಸ ಬೇರೆ ಸಿಕ್ಕಲಿಲ್ವಾ ನಿಮಗೆ?" ಎಂದು ಕೇಳಿದಳು. ಈ ಪ್ರಶ್ನೆಗೆ ಉತ್ತರ ಇಲ್ಲ. ಕೊನೆಗೆ ಮೂರು ಷರತ್ತಿನ ಮೇಲೆ ಒಪ್ಪಂದವಾಯಿತು. ಮಗುವಿನ ಅಪ್ಪ ಸ್ಕೂಟರಿನಲ್ಲಿ ಹಿಂದೆ ಬರಬೇಕು. ಹಿರಿಯಡ್ಕ, ಹೆಬ್ರಿ, ಆಗುಂಬೆ ಮೂರು ಕಡೆಯಿಂದ ಫೋನು ಮಾಡಬೇಕು. ಕತ್ತಲಿಗೆ ಮೊದಲು ಘಾಟಿ ಇಳಿದಿರಬೇಕು.

ನಾಲ್ಕನೆಯದು ನನ್ನದು. ಘಾಟಿಯ ಒಂದೊಂದು ತಿರುವಿನಲ್ಲೂ ಅವಳು ಹದಿನಾಲ್ಕರ ಮಗ್ಗಿಯ ಒಂದು ಸಾಲು ಹೇಳಬೇಕು. ತಡವರಿಸದೆ, ನಡುವೆ ಉಸಿರು ಎಳೆಯದೆ. ಸಾಲು ಮುಗಿದರೆ ಮುಂದೆ, ಮುಗಿಯದಿದ್ದರೆ ನಿಲ್ಲುವುದು. ಇದು ಮೇಷ್ಟರ ತಮಾಷೆ ಎಂದುಕೊಳ್ಳಬೇಡಿ. ವ್ಯಾಯಾಮ ಮಾಡುವಾಗ ಒಂದು ಪೂರ್ತಿ ವಾಕ್ಯ ಆರಾಮವಾಗಿ ಹೇಳಲಿಕ್ಕೆ ಆಗುತ್ತದಾ ಎಂದು ನೋಡುವುದು ಡಾಕ್ಟರರೂ ಹೇಳುವ ಪರೀಕ್ಷೆಯೇ. ವಾಕ್ಯ ತುಂಡಾದರೆ ದೇಹಕ್ಕೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಮೊಮ್ಮಕ್ಕಳ ಜೊತೆ ವಾಕಿಂಗ್ ಹೋಗುವ ಅಜ್ಜ ಅಜ್ಜಿಯರಿಗೂ ಇದೇ ಅಳತೆ.

ಹೊರಟದ್ದು ಬೆಳಿಗ್ಗೆ ಆರಕ್ಕೆ, ಟಾರ್ಚು ಕಟ್ಟಿಕೊಂಡು. ಅಲೆವೂರು ದಾರಿಯಲ್ಲಿ ಮಣಿಪಾಲ, ಅಲ್ಲಿಂದ ಪರ್ಕಳ, ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ. ಮಲ್ಪೆಯಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿ ಇದು, 169ಎ. ಒಟ್ಟು ಆಗುಂಬೆಗೆ ಸುಮಾರು 60 ಕಿಲೋಮೀಟರು. ಘಾಟಿಯ ಮೊದಲೇ ದಾರಿ ಹತ್ತಿ ಇಳಿದು, ಹತ್ತಿ ಇಳಿದು ಹೋಗುತ್ತದೆ. ಬಸ್ಸಿನಲ್ಲಿ ಕೂತವರಿಗೆ ಪರ್ಕಳದಿಂದ ಹೆಬ್ರಿಯವರೆಗೆ ರಸ್ತೆ ಸಪಾಟು ಎಂದೇ ಲೆಕ್ಕ. ಸೈಕಲ್ಲಿನವನನ್ನು ಕೇಳಿ, ಒಂದೊಂದು ಗುಡ್ಡದ ಹೆಸರನ್ನೂ ಬೈಗುಳ ಸೇರಿಸಿ ಹೇಳುತ್ತಾನೆ.

ಹಿರಿಯಡ್ಕ ದಾಟಿ ಸ್ವರ್ಣಾ ನದಿಯ ಸೇತುವೆಯ ಮೇಲೆ ನಿಂತಾಗ ಹೊಳೆಯಿಂದ ಹಬೆ ಏಳುತ್ತಿತ್ತು. ಪೆರ್ಡೂರಿನಲ್ಲಿ ಬಾಳೆಹಣ್ಣು ಕೊಂಡೆವು. ಅಲ್ಲಿನ ಅನಂತಪದ್ಮನಾಭ ದೇವರಿಗೆ ಬಾಳೆಹಣ್ಣೇ ಪ್ರೀತಿ, ಭಕ್ತರು ತರುವುದೂ ಅದನ್ನೇ. ದೇವರ ಪಾಲು ದೇವರಿಗೆ ಕೊಟ್ಟು, ನಮ್ಮ ಪಾಲನ್ನು ಚೀಲಕ್ಕೆ ಹಾಕಿಕೊಂಡದ್ದಕ್ಕೆ ನನ್ನದೇ ಒಂದು ಲೆಕ್ಕ ಇತ್ತು. ಹೆಬ್ರಿಯಲ್ಲಿ ಚಾ ಕುಡಿಯುತ್ತಾ ಅದನ್ನು ಮೊಮ್ಮಗಳಿಗೆ ಹೇಳಿದೆ. ನೀವೂ ಪೆನ್ಸಿಲು ಹಿಡಿಯಿರಿ.

ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರು ಎತ್ತರ. ಘಾಟಿಯ ಬುಡದಿಂದ ಏರಬೇಕಾದದ್ದು ಹೆಚ್ಚುಕಡಿಮೆ 500 ಮೀಟರು ಎನ್ನೋಣ. ಕಾರ್ಕಳದ ಗೊಮ್ಮಟ 42 ಅಡಿ, ಅಂದರೆ 13 ಮೀಟರಿಗೆ ಸ್ವಲ್ಪ ಕಡಿಮೆ. ಒಬ್ಬನ ತಲೆಯ ಮೇಲೆ ಒಬ್ಬನನ್ನು ನಿಲ್ಲಿಸುತ್ತಾ ಹೋದರೆ 39 ಗೊಮ್ಮಟರು ಬೇಕು. ಮೊಮ್ಮಗಳು 45 ಕಿಲೋ, ಸೈಕಲ್ಲು 15 ಕಿಲೋ, ಒಟ್ಟು 60. ಈ 60 ಕಿಲೋವನ್ನು 39 ಗೊಮ್ಮಟರ ನೆತ್ತಿಗೆ ಎತ್ತಿಡಲು ಬೇಕಾದ ಶಕ್ತಿ ಸುಮಾರು 70 ಕಿಲೋಕ್ಯಾಲರಿ. ಇಷ್ಟೇಯಾ ಎಂದು ಅವಳಿಗೆ ನಗು. ಆದರೆ ನಮ್ಮ ಸ್ನಾಯುಗಳು ಅಷ್ಟು ಪ್ರಾಮಾಣಿಕ ಅಲ್ಲ. ತಿಂದದ್ದರಲ್ಲಿ ನಾಲ್ಕನೇ ಒಂದು ಪಾಲು ಮಾತ್ರ ಕೆಲಸಕ್ಕೆ, ಉಳಿದದ್ದು ಬಿಸಿಯಾಗಿ, ಬೆವರಾಗಿ ಹೋಗುತ್ತದೆ. ಹಾಗಾಗಿ 280 ಬೇಕು, 300 ಎಂದೇ ಇಟ್ಟುಕೊಳ್ಳಿ. ಒಂದು ಬಾಳೆಹಣ್ಣಿನಲ್ಲಿ ಸುಮಾರು 100. ಆಗುಂಬೆ ಘಾಟಿ ಎಂದರೆ ಮೂರು ಬಾಳೆಹಣ್ಣು.

"ರಸ್ತೆ ನೇರ ಇದ್ದರೆ ಎಷ್ಟು ಬಾಳೆಹಣ್ಣು ಅಜ್ಜ?" ಎಂದು ಕೇಳಿದಳು.

ಆಗಲೂ ಮೂರೇ. ಕಾಪುವಿನ ಹುಡುಗ ಇದನ್ನು ಗಮನಿಸಬೇಕು. ಎತ್ತುವ ಕೆಲಸ ಬದಲಾಗುವುದಿಲ್ಲ. ನೇರ ದಾರಿಯಲ್ಲಿ ಆ ಮೂರು ಹಣ್ಣನ್ನು ಸ್ವಲ್ಪ ದೂರದಲ್ಲೇ ಖರ್ಚು ಮಾಡಬೇಕು. ಕಾಲಿಗೆ ಅಷ್ಟು ಬಲ ಇಲ್ಲ, ಬಸ್ಸಿನ ಇಂಜಿನ್ನಿಗೂ ಇಲ್ಲ, ಹಿಂದಿನ ಕಾಲದ ಗಾಡಿ ಎತ್ತುಗಳಿಗಂತೂ ಇರಲೇ ಇಲ್ಲ. 10 ಕಿಲೋಮೀಟರಿಗೆ ಹರಡಿದರೆ 100 ಮೀಟರು ಹೋಗುವಾಗ 5 ಮೀಟರು ಏರಿದರೆ ಸಾಕು.

ಸೈಕಲ್ಲಿನ ಗೇರು ಮಾಡುವುದೂ ಇದೇ ಕೆಲಸವನ್ನು. ನಾನು ಹೈಸ್ಕೂಲಿನಲ್ಲಿ ಗಂಟೆಗೆ ಇಷ್ಟು ಪೈಸೆಯೆಂದು ಬಾಡಿಗೆಗೆ ತಂದು, ಬಾರಿನ ಕೆಳಗೆ ಕಾಲು ತೂರಿಸಿ ಕಲಿತ ದೊಡ್ಡ ಕರಿ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ಬಂದರೆ ಐದು ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತಿತ್ತು. ಸಪಾಟಿನಲ್ಲಿ ರಾಜ, ಏರಿನಲ್ಲಿ ಕಲ್ಲುಗುಂಡು. ಮೊಮ್ಮಗಳ ಸೈಕಲ್ಲಿನ ಅತಿ ಸಣ್ಣ ಗೇರಿನಲ್ಲಿ ಒಂದು ಸುತ್ತಿಗೆ ಎರಡು ಮೀಟರು ಮಾತ್ರ. ಹತ್ತು ಕಿಲೋಮೀಟರಿಗೆ ಐದು ಸಾವಿರ ಸುತ್ತು ತುಳಿಯಬೇಕು, ಆದರೆ ಒಂದೊಂದು ಸುತ್ತೂ ಹಗುರ. ಘಾಟಿ ಮಾಡಿದವರು ರಸ್ತೆಯನ್ನು ಮಡಚಿದರು, ಸೈಕಲ್ಲು ಮಾಡಿದವರು ಅದೇ ಉಪಾಯವನ್ನು ಚಕ್ರದ ಹಲ್ಲಿನೊಳಗೆ ಇಟ್ಟರು.

ಹೆಬ್ರಿ ದಾಟಿದ ಮೇಲೆ ಗಾಳಿ ಬೇರೆ, ನೆರಳು ಬೇರೆ. ಸೀತಾನದಿ ಪಕ್ಕಕ್ಕೆ ಬಂದು ಹೋಗುತ್ತದೆ. ಸೋಮೇಶ್ವರ ವನ್ಯಧಾಮದ ಕಾಡು ರಸ್ತೆಯ ಎರಡೂ ಬದಿಯಿಂದ ಬಾಗಿ ನೋಡುತ್ತದೆ. ಸೋಮೇಶ್ವರದಲ್ಲಿ ಹತ್ತೂವರೆಗೆ ನಿಂತು, ಬ್ರೇಕು, ಗಾಳಿ, ನೀರು ನೋಡಿ, ಮೊದಲ ಬಾಳೆಹಣ್ಣು ತಿಂದು ಏರು ಶುರು ಮಾಡಿದೆವು. ಈ ಘಾಟಿಯಲ್ಲಿ ದೊಡ್ಡ ಬಸ್ಸು, ಭಾರದ ಲಾರಿ ಹೋಗುವಂತಿಲ್ಲ. ತಿರುವು ಅಷ್ಟು ಬಿಗಿ. ಮಿನಿ ಬಸ್ಸುಗಳೇ ಓಡುವುದು. ನಮ್ಮಂಥವರಿಗೆ ಅದೊಂದು ಉಪಕಾರ.

"ಹದಿನಾಲ್ಕೊಂದ್ಲಿ ಹದಿನಾಲ್ಕು." ಮೊದಲ ತಿರುವು ನಗುತ್ತಾ ಆಯಿತು. "ಹದಿನಾಲ್ಕೆರಡ್ಲಿ ಇಪ್ಪತ್ತೆಂಟು." ಅದೂ ಆಯಿತು. ನಾಲ್ಕನೆಯ ತಿರುವಿನ ಹೊತ್ತಿಗೆ ಅವಳೇ ಒಂದು ವಿಷಯ ಕಂಡುಹಿಡಿದಳು. "ಅಜ್ಜ, ಬಲಕ್ಕೆ ತಿರುಗುವುದು ಸುಲಭ, ಎಡಕ್ಕೆ ತಿರುಗುವುದು ಕಷ್ಟ. ಯಾಕೆ?" ನಲವತ್ತು ವರ್ಷ ಈ ಘಾಟಿಯಲ್ಲಿ ಬಸ್ಸಿನಲ್ಲಿ ಹೋಗಿ ಬಂದವನು ನಾನು, ಇದು ಗೊತ್ತಿರಲಿಲ್ಲ. ನಾವು ರಸ್ತೆಯ ಎಡ ಬದಿಯಲ್ಲಿ ಹೋಗುವವರು. ಎಡಕ್ಕೆ ತಿರುಗುವಾಗ ತಿರುವಿನ ಒಳಮಗ್ಗುಲಲ್ಲಿ ಇರುತ್ತೇವೆ, ಬಲಕ್ಕೆ ತಿರುಗುವಾಗ ಹೊರಮಗ್ಗುಲಲ್ಲಿ. ಒಳಮಗ್ಗುಲು ಗಿಡ್ಡ, ಹೊರಮಗ್ಗುಲು ಉದ್ದ. ಏರಬೇಕಾದ ಎತ್ತರ ಮಾತ್ರ ಎರಡಕ್ಕೂ ಒಂದೇ. ಗಿಡ್ಡ ದಾರಿ ಕಡಿದಾಗಲೇ ಬೇಕಲ್ಲ. ಒಂದೇ ತಿರುವಿನೊಳಗೆ ಕಾಗದ ಪೆನ್ಸಿಲಿನ ಪಾಠ ಪೂರ್ತಿ ಉಂಟು! ಹಾಗೆಂದು ಸುಲಭದ ಕಡೆ ಹುಡುಕಿಕೊಂಡು ರಸ್ತೆಯ ಬಲಕ್ಕೆ ಹೋಗಬಾರದು, ಇಳಿದು ಬರುವ ವಾಹನ ನಿಮ್ಮ ರೇಖಾಗಣಿತಕ್ಕೆ ಕಾಯುವುದಿಲ್ಲ.

ಕಾಪುವಿನ ಹುಡುಗನ ವಾಂತಿಗೂ ಉತ್ತರ ಇಲ್ಲೇ ಸಿಕ್ಕಿತು. ಹದಿನಾಲ್ಕು ತಿರುವಿನಲ್ಲೂ ಸೈಕಲ್ಲಿನವರಿಗೆ ಹೊಟ್ಟೆ ತೊಳಸುವುದಿಲ್ಲ, ವಾಹನದ ಡ್ರೈವರಿಗೂ ಇಲ್ಲ. ನಮ್ಮ ಕಿವಿಯ ಒಳಗೆ ಅಲುಗಾಟವನ್ನು ಅಳೆಯುವ ಒಂದು ಅಂಗ ಉಂಟು. ಬಸ್ಸಿನೊಳಗೆ ಕೂತು ಮುಂದಿನ ಸೀಟನ್ನೋ ಮೊಬೈಲನ್ನೋ ನೋಡುತ್ತಿದ್ದರೆ ಕಣ್ಣು "ಎಲ್ಲ ಸ್ಥಿರ" ಎನ್ನುತ್ತದೆ, ಕಿವಿ "ತಿರುಗುತ್ತಿದ್ದೇವೆ" ಎನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆಗೆ ಪೆಟ್ಟು. ಮುಂದಿನ ಸಲ ಎದುರಿನ ಸೀಟಿನಲ್ಲಿ ಕೂತು ದೂರದ ರಸ್ತೆಯನ್ನು ನೋಡು ಮಗು.

ಐದನೆಯದೋ ಆರನೆಯದೋ ತಿರುವಿನಲ್ಲಿ ಮಂಗಗಳ ದಂಡು. ಒಂದು ಕಾರು ನಿಂತಿತ್ತು, ಒಳಗಿಂದ ಬಿಸ್ಕತ್ತು ಎಸೆಯುತ್ತಿದ್ದರು. ಎಸೆಯುವವರ ಮನಸ್ಸು ಒಳ್ಳೆಯದೇ, ನಾನು ಅವರನ್ನು ಬೈಯಲಾರೆ. ಆದರೆ ರಸ್ತೆಯಲ್ಲಿ ಊಟ ಸಿಗುತ್ತದೆಂದು ಕಲಿತ ಮಂಗ ರಸ್ತೆಯಲ್ಲೇ ಸಾಯುತ್ತದೆ. ಮರದ ಹಣ್ಣು ತಿಂದು ಬೀಜವನ್ನು ಕಾಡಿಡೀ ಹರಡಬೇಕಾದ ಪ್ರಾಣಿ ಬಿಸ್ಕತ್ತು ಕಾಯುತ್ತಾ ಕೂತರೆ ಕಾಡಿಗೂ ನಷ್ಟ. ನಮ್ಮ ಬಾಳೆಹಣ್ಣಿನ ಚೀಲದ ಮೇಲೂ ಒಂದು ದೊಡ್ಡ ಗಡವನ ಕಣ್ಣು ಬಿತ್ತು. ಮಗ ಚೀಲವನ್ನು ಸ್ಕೂಟರಿನ ಸೀಟಿನಡಿಗೆ ಹಾಕಿ ಬೀಗ ಜಡಿದ. ಇದೇ ಕಾಡಿನಲ್ಲಿ ಸಿಂಗಳೀಕವೂ ಉಂಟು, ಕರಿ ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಅದಿಲ್ಲ. ನಮಗೆ ಅವತ್ತು ಕಾಣಲಿಲ್ಲ.

"ಹದಿನಾಲ್ಕೆಂಟ್ಲಿ ನೂರಾ ಹನ್ನೆರಡು" ಸ್ವಲ್ಪ ಗಡಿಬಿಡಿಯಲ್ಲಿ ಬಂತು. ಒಂಬತ್ತನೆಯ ತಿರುವು ಎಡಕ್ಕೆ, ಕಡಿದು. "ಹದಿನಾಲ್ಕೊಂಬತ್ಲಿ ನೂರಾ..." ಅಲ್ಲಿಗೆ ನಿಂತಿತು. ಮತ್ತೊಮ್ಮೆ ಹೇಳಿದಳು, ಮತ್ತೆ ಅಲ್ಲೇ ತುಂಡಾಯಿತು. ಅವಳಿಗೆ ಮಗ್ಗಿ ಮರೆತದ್ದಲ್ಲ. ಕತ್ತಿನ ಕೆಳಗಿನ ಗುಳಿ ಒಳಕ್ಕೆ ಹೋಗಿ ಬರುತ್ತಿತ್ತು, ಎದೆಯಿಂದ ಸಣ್ಣ ಸಿಳ್ಳಿನ ಸದ್ದು ನನಗೂ ಕೇಳಿತು.

ರಸ್ತೆಯ ಬದಿಯಲ್ಲಿ ಅಗಲವಾದ ಜಾಗ ನೋಡಿ ನಿಂತೆವು. ಮಗ ಸ್ಕೂಟರನ್ನು ನಮ್ಮಿಂದ ಇಪ್ಪತ್ತು ಹೆಜ್ಜೆ ಕೆಳಗೆ ನಿಲ್ಲಿಸಿ, ಲೈಟು ಮಿಣುಕಿಸಿಟ್ಟು ಬಂದ. ಅವಳನ್ನು ಮೋರಿಯ ಕಟ್ಟೆಯ ಮೇಲೆ ನೆಟ್ಟಗೆ ಕೂರಿಸಿ, ಡಾಕ್ಟರರು ಹೇಳಿದ ಕ್ರಮದಲ್ಲೇ ಇನ್‌ಹೇಲರ್ ಕೊಟ್ಟ. ಯಾರೂ ಮಾತಾಡಲಿಲ್ಲ. ಕೆಳಗೆ ಎಲ್ಲೋ ನೀರು ಬೀಳುವ ಸದ್ದು. ಮೊಬೈಲಿನಲ್ಲಿ ಸಿಗ್ನಲಿನ ಒಂದು ಗೆರೆಯೂ ಇಲ್ಲ. ಮಗನ ಮುಖ ನೋಡಿದೆ, ಅವನು ನನ್ನ ಮುಖ ನೋಡಲಿಲ್ಲ. ಐದು ನಿಮಿಷ ಎಂಬುದು ಎಷ್ಟು ಉದ್ದ ಎಂದು ಉಬ್ಬಸದ ಮಗು ಇರುವ ಮನೆಯವರಿಗೆ ನಾನು ಹೇಳಬೇಕಾಗಿಲ್ಲ.

ಸಿಳ್ಳು ನಿಂತಿತು. ಹತ್ತು ನಿಮಿಷ ಕಳೆದ ಮೇಲೆ ಎರಡನೇ ಬಾಳೆಹಣ್ಣು ಕೇಳಿದಳು. ಇಪ್ಪತ್ತು ನಿಮಿಷ ಆದಾಗ ಯಾರೂ ಕೇಳದೆಯೇ, "ಹದಿನಾಲ್ಕೊಂಬತ್ಲಿ ನೂರಾ ಇಪ್ಪತ್ತಾರು" ಎಂದಳು, ಒಂದೇ ಉಸಿರಿನಲ್ಲಿ.

ಅವಳ ಅಪ್ಪ, "ಇಲ್ಲಿಗೆ ಸಾಕು ಮಗಾ. ಇಷ್ಟು ಬಂದದ್ದೇ ದೊಡ್ಡದು. ಸ್ಕೂಟರಿನಲ್ಲಿ ಕೂತುಕೋ, ಸೈಕಲ್ಲಿಗೆ ಏನಾದರೂ ಮಾಡುವ" ಎಂದ. ಅವನು ಹೇಳಿದ್ದು ಸರಿಯೇ. ಅವಳು ನನ್ನನ್ನು ನೋಡಿದಳು. ನಾನು, "ನಡೆದುಕೊಂಡು ಹೋಗುವುದಾದರೆ?" ಎಂದೆ.

ಸೈಕಲ್ಲನ್ನು ದೂಡಿಕೊಂಡು ನಡೆಯುವುದೆಂದರೆ ನಮ್ಮ ಕಾಲದಲ್ಲಿ ಅವಮಾನ ಆಗಿರಲಿಲ್ಲ. ಗೇರಿಲ್ಲದ ಸೈಕಲ್ಲಿಗೆ ಅಕ್ಕಿ ಮೂಟೆ ಕಟ್ಟಿದವರು ಏರು ಬಂದ ಕೂಡಲೇ ಇಳಿದು ದೂಡುತ್ತಿದ್ದರು, ಅದೂ ಸೈಕಲ್ಲು ಬಿಡುವುದರ ಒಂದು ಭಾಗವೇ ಆಗಿತ್ತು. ಈಗಿನ ಮಕ್ಕಳಿಗೆ ಹಾಗಲ್ಲ, ಇಳಿದರೆ ಸೋತ ಹಾಗೆ. ಫ್ರಾನ್ಸಿನಲ್ಲಿ ಆಲ್ಪ್ ದ್ಯುಯೆಜ್ ಎಂಬ ಬೆಟ್ಟದ ರಸ್ತೆಗೆ 21 ತಿರುವು, ಸುಮಾರು 14 ಕಿಲೋಮೀಟರಿನಲ್ಲಿ 1,100 ಮೀಟರು ಏರು. ಟೂರ್ ದ ಫ್ರಾನ್ಸ್ ಪಂದ್ಯದ ಸವಾರರು ಅದನ್ನು ಮುಕ್ಕಾಲು ಗಂಟೆಯೊಳಗೇ ಹತ್ತುತ್ತಾರೆ. ಅದನ್ನು ಟಿ.ವಿ.ಯಲ್ಲಿ ನೋಡಿ ನಮ್ಮ ಮಕ್ಕಳು ಬೆಟ್ಟವೆಂದರೆ ಹೀಗೇ ಹತ್ತಬೇಕು ಎಂದುಕೊಳ್ಳುತ್ತಾರೆ. ಪಂದ್ಯ ಇಲ್ಲದ ದಿನ ಅಲ್ಲಿಗೂ ನಮ್ಮಂಥವರೇ ಹೋಗುವುದು, ಮತ್ತೆ ಮತ್ತೆ ನಿಂತು ನಿಂತು.

ಹತ್ತನೇ ಮತ್ತು ಹನ್ನೊಂದನೇ ತಿರುವನ್ನು ಮೂವರೂ ನಡೆದೆವು. ಮಗ ಸ್ಕೂಟರನ್ನು ಮೊದಲ ಗೇರಿನಷ್ಟೇ ನಿಧಾನಕ್ಕೆ ಬಿಡುತ್ತಾ ಹಿಂದೆ ಬಂದ. ನಡೆದದ್ದರಿಂದ ಒಂದು ಲಾಭ ಆಯಿತು: ಚರಂಡಿಯ ಗೋಡೆಯಲ್ಲಿ ಎಷ್ಟು ಬಗೆಯ ಜರಿ ಗಿಡ, ಪಾಚಿ ಎಂದು ಅವಳು ಎಣಿಸಿದಳು. ಹನ್ನೆರಡನೆಯ ತಿರುವು ಬಲಕ್ಕೆ. "ಇದು ಸುಲಭದ್ದು" ಎಂದು ಅವಳೇ ಸೈಕಲ್ಲು ಹತ್ತಿದಳು. "ಹದಿನಾಲ್ಕು ಹನ್ನೆರಡ್ಲಿ ನೂರ ಅರುವತ್ತೆಂಟು" ಎಂಬುದು ಮೇಲಿನ ಮಡಿಕೆಯಿಂದ ಕೆಳಗೆ ನನಗೆ ಕೇಳಿತು. ಕೊನೆಯದು, ಹದಿನಾಲ್ಕು ಹದಿನಾಲ್ಕಲಿ ನೂರ ತೊಂಬತ್ತಾರನ್ನು ಅವಳು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಸೂರ್ಯಾಸ್ತ ನೋಡುವ ಕಟ್ಟೆಯಲ್ಲಿ ನಿಂತಿದ್ದ ನಾಲ್ಕೈದು ಜನ ತಿರುಗಿ ನೋಡಿದರು. ಮಧ್ಯಾಹ್ನ ಒಂದೂಕಾಲು. ಸೂರ್ಯ ನೆತ್ತಿಯ ಮೇಲಿದ್ದ, ಕೆಳಗೆ ಕರಾವಳಿ ಬಿಳಿ ಮಬ್ಬಿನಲ್ಲಿ ಮಲಗಿತ್ತು. ಶುಭ್ರ ಸಂಜೆಯಲ್ಲಿ ಇಲ್ಲಿಂದ ಅರಬ್ಬೀ ಸಮುದ್ರ ಕಾಣುತ್ತದೆ.

ಆಗುಂಬೆ ಪೇಟೆಯಲ್ಲಿ ಮೊದಲು ಅಜ್ಜಿಗೆ ಫೋನು. ಆಮೇಲೆ ಬಿಸಿ ಕಷಾಯ, ಊಟ. ಅಜ್ಜ ಅಜ್ಜಿಯರೇ, 1980ರ ದಶಕದಲ್ಲಿ ಟಿ.ವಿ. ಇದ್ದ ಮನೆಗೆ ಓಡಿ ಹೋಗಿ ನಾವೆಲ್ಲ ನೋಡಿದ 'ಮಾಲ್ಗುಡಿ ಡೇಸ್' ನೆನಪುಂಟಲ್ಲ? ಆರ್.ಕೆ. ನಾರಾಯಣರ ಕತೆಗಳನ್ನು ಶಂಕರ್ ನಾಗ್ ಚಿತ್ರೀಕರಿಸಿದ್ದು ಈ ಊರಿನಲ್ಲೇ. ಮೊಮ್ಮಗಳು ಸ್ವಾಮಿಯನ್ನು ಫೋನಿನಲ್ಲಿ ನೋಡಿದ್ದಳು, ಊರು ಇದೇ ಎಂದರೆ ನಂಬಲಿಲ್ಲ.

ಸೈಕಲ್ಲಿನಲ್ಲಿ ಬಂದವರಿಗೆ ಈ ಊರಿನ ಇನ್ನೊಂದು ಗುಟ್ಟು ಬೇಗ ಅರ್ಥವಾಗುತ್ತದೆ. ನಾವು ಬೆವರು ಹರಿಸಿ ಹತ್ತಿದ ಗೋಡೆಯನ್ನು ಮಳೆಗಾಲದ ಗಾಳಿಯೂ ಹತ್ತಬೇಕು. ಕಡಲಿನ ನೀರಾವಿ ಹೊತ್ತು ಬರುವ ಗಾಳಿ ಮೇಲೇರಿದಷ್ಟೂ ತಣಿಯುತ್ತದೆ. ತಣಿದರೆ ಹೊರೆ ಹೊರಲಾರದು, ಅಲ್ಲೇ ಸುರಿಯುತ್ತದೆ. ಹಾಗಾಗಿ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿನಲ್ಲಿ 1,000 ಮಿಲಿಮೀಟರು ಬಂದರೆ ದೊಡ್ಡದು. ಆ ನೀರೂ ಇಲ್ಲಿ ಎರಡು ಪಾಲಾಗುತ್ತದೆ. ಪಶ್ಚಿಮದ ಇಳಿಜಾರಿಗೆ ಬಿದ್ದದ್ದು ಸೀತಾನದಿಗೆ ಸೇರಿ, ಕೋಡಿ ಬೆಂಗ್ರೆಯ ಹತ್ತಿರ ನಮ್ಮ ಅರಬ್ಬೀ ಸಮುದ್ರಕ್ಕೆ. ಪೂರ್ವಕ್ಕೆ ಬಿದ್ದದ್ದು ಮಾಲತಿ ಹೊಳೆಯಿಂದ ತುಂಗೆಗೆ, ಕೂಡಲಿಯಲ್ಲಿ ಭದ್ರೆಯ ಜೊತೆಗೂಡಿ, ಹಂಪಿಯನ್ನು ನೋಡಿಕೊಂಡು, ಕೃಷ್ಣೆಯನ್ನು ಸೇರಿ, ಆಂಧ್ರದಲ್ಲಿ ಬಂಗಾಳ ಕೊಲ್ಲಿಗೆ. ಮೊಮ್ಮಗಳು ಬಾಟ್ಲಿಯಲ್ಲಿ ಉಳಿದ ನೀರನ್ನು ಪೂರ್ವದ ಚರಂಡಿಗೆ ಚೆಲ್ಲಿದಳು. "ಶಂಕರಪುರದ ಬಾವಿ ನೀರು ಹಂಪಿಗೆ ಹೋಗಲಿ ಅಜ್ಜ." ಡಿಸೆಂಬರಿನ ಬಿಸಿಲಿಗೆ ಅದು ಹತ್ತು ಅಡಿ ಹೋಗಿದ್ದರೆ ಹೆಚ್ಚು, ನಾನು ಹೇಳಲಿಲ್ಲ.

ಘಾಟಿ ಮುಗಿಯಿತು ಎಂದು ನೀವು ಅಂದುಕೊಂಡಿರಬಹುದು. ಅವಳೂ ಹಾಗೆಯೇ ಅಂದುಕೊಂಡಿದ್ದಳು. "ಇನ್ನು ಪೆಡಲೇ ಬೇಡ, ಜುಂಯ್ ಅಂತ ಹೋಗುವ" ಎಂದಳು. ನಾನು ಕರವಸ್ತ್ರ ಹಾಸಿ ಕೂತು ಇನ್ನೊಂದು ಲೆಕ್ಕ ಮಾಡಿಸಿದೆ. ಮೂರು ಬಾಳೆಹಣ್ಣು ತಿಂದು ನೀನು ಮೇಲಕ್ಕೆ ಎತ್ತಿಟ್ಟ ಶಕ್ತಿ ಎಲ್ಲಿಗೂ ಹೋಗಿಲ್ಲ, ನಿನ್ನಲ್ಲೇ ಉಂಟು. ಇಳಿಯುವಾಗ ಅಷ್ಟೂ ಹೊರಗೆ ಬರಬೇಕು. ಬ್ರೇಕೂ ಇಲ್ಲ, ಗಾಳಿಯ ತಡೆಯೂ ಇಲ್ಲ ಎಂದಾದರೆ ಕೆಳಗೆ ಮುಟ್ಟುವಾಗ ನಿನ್ನ ವೇಗ ಗಂಟೆಗೆ 350 ಕಿಲೋಮೀಟರು. ಗಾಳಿ ತಡೆಯುತ್ತದೆ, ನಿಜ. ಆದರೂ ಮೊದಲ ತಿರುವಿಗೆ ಬರುವಾಗಲೇ ಸ್ಕೂಟರನ್ನು ಹಿಂದೆ ಹಾಕುತ್ತೀ. ಆ ತಿರುವಿನಲ್ಲಿ ಸೈಕಲ್ಲು ನಿಲ್ಲುವುದು ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರಿಗೆ. ಉಳಿದದ್ದನ್ನೆಲ್ಲ ಬ್ರೇಕಿನ ನಾಲ್ಕು ರಬ್ಬರು ತುಂಡು ತಿನ್ನಬೇಕು. ಆ ಬಿಸಿಯಲ್ಲಿ ಹೆಚ್ಚುಕಡಿಮೆ ಒಂದು ಲೀಟರು ತಣ್ಣೀರನ್ನು ಕುದಿಸಬಹುದು!

ಜುಂಯ್ ಮಾತು ಅಲ್ಲಿಗೆ ನಿಂತಿತು. ಕ್ರಮ ಹೀಗೆ ಇಟ್ಟುಕೊಂಡೆವು. ಬ್ರೇಕನ್ನು ಹಿಡಿದೇ ಇರುವುದಲ್ಲ, ಹಿಡಿದು ಬಿಟ್ಟು, ಹಿಡಿದು ಬಿಟ್ಟು. ಎದುರಿನದನ್ನು ಒಮ್ಮೆಲೇ ಒತ್ತುವುದಿಲ್ಲ, ಎರಡನ್ನೂ ಜೊತೆಗೆ. ತಿರುವಿಗೆ ಬರುವ ಮೊದಲೇ ವೇಗ ಇಳಿಸುವುದು, ತಿರುವಿನೊಳಗೆ ಅಲ್ಲ. ಎರಡು ತಿರುವಿಗೊಮ್ಮೆ ನಿಂತು ಚಕ್ರ ತಣಿಸುವುದು. ಏರಿ ಬರುವ ವಾಹನಕ್ಕೆ ಮೊದಲ ದಾರಿ. ಮೊದಲ ನಿಲುಗಡೆಯಲ್ಲಿ ಚಕ್ರದ ರಿಮ್ಮಿನ ಹತ್ತಿರ ಕೈ ತಂದವಳು ಥಟ್ಟನೆ ಹಿಂದೆ ತೆಗೆದಳು. ಮುಟ್ಟಬೇಕಾಗಿರಲಿಲ್ಲ, ಶಾಖ ದೂರದಿಂದಲೇ ಗೊತ್ತಾಗುತ್ತಿತ್ತು.

ಎಂಟನೆಯ ತಿರುವು ಕಳೆದು ಸ್ವಲ್ಪ ಕೆಳಗೆ, ಮೇಲೇರುತ್ತಿದ್ದ ಒಂದು ಕಾರು ಇನ್ನೊಂದನ್ನು ಹಿಂದೆ ಹಾಕುತ್ತಾ ಪೂರ್ತಿ ನಮ್ಮ ಬದಿಗೆ ಬಂತು. ಹಾರ್ನು ಕೂಡ ಇಲ್ಲ. ಮೊಮ್ಮಗಳು ನನಗಿಂತ ಎರಡು ಸೈಕಲ್ಲಿನಷ್ಟು ಮುಂದೆ. ಬ್ರೇಕು ಹಿಡಿದಳು, ಎಡಗಾಲನ್ನು ನೆಲಕ್ಕೆ ಕೊಟ್ಟಳು, ಚರಂಡಿಯ ಅಂಚಿನಲ್ಲಿ ನಿಂತಳು. ಕಾರು ಅವಳ ಬಲಗೈಗೆ ಒಂದು ಮಾರು ದೂರದಲ್ಲಿ ಹೋಯಿತು. ಅದರ ಗಾಳಿಗೆ ಅವಳ ಜಡೆ ಅಲುಗಿದ್ದು ನನಗೆ ಕಂಡಿತು. ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿದ್ದಳು, ಆದ್ದರಿಂದ ನಿಲ್ಲಲಿಕ್ಕಾಯಿತು. ಜುಂಯ್ ಎಂದು ಇಳಿದಿದ್ದರೆ ಈ ಅಂಕಣವನ್ನು ನಾನು ಬರೆಯುತ್ತಿರಲಿಲ್ಲ.

ಅಲ್ಲಿ ಮೂವರೂ ಸ್ವಲ್ಪ ಹೊತ್ತು ನಿಂತೆವು. "ಮಗ್ಗಿ ಹೇಳಬೇಕಾ ಅಜ್ಜ?" ಎಂದು ಕೇಳಿದಳು. ಬೇಡ ಎಂದೆ. ಆದರೂ ಹೇಳಿದಳು, ಸಣ್ಣ ದನಿಯಲ್ಲಿ, ಈ ಸಲ ಹಿಂದಿನಿಂದ ಮುಂದಕ್ಕೆ.

ಸೋಮೇಶ್ವರ ಮುಟ್ಟಿದಾಗ ಮೂರೂ ಮುಕ್ಕಾಲು. ಹೆಬ್ರಿಯಲ್ಲಿ ಪರಿಚಯದವರ ಪಿಕಪ್ಪು ಕಾದಿತ್ತು, ಸೈಕಲ್ಲುಗಳನ್ನು ಅದಕ್ಕೆ ಏರಿಸಿದೆವು. ಹತ್ತುವುದಕ್ಕೆ ನಿಲ್ಲುವುದೆಲ್ಲ ಸೇರಿ ಎರಡೂಮುಕ್ಕಾಲು ಗಂಟೆ, ಇಳಿಯುವುದಕ್ಕೆ ಒಂದೂಕಾಲು.

ಹೋಗಬೇಕೆಂಬ ಮಕ್ಕಳಿಗೆ ಎರಡು ಮಾತು. ಒಬ್ಬರೇ ಹೋಗಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಗುಡ್ಡ ಜರಿಯುತ್ತದೆ, ರಸ್ತೆ ಜಾರುತ್ತದೆ. ಉಬ್ಬಸ ಇದ್ದವರು ನಿಮ್ಮ ಡಾಕ್ಟರರನ್ನು ಕೇಳದೆ ನಮ್ಮನ್ನು ನೋಡಿ ಹೊರಡಬೇಡಿ, ನನ್ನ ಮೊಮ್ಮಗಳಿಗೆ ಆರು ತಿಂಗಳ ತಯಾರಿ ಇತ್ತು. ಹೊಸ ಬ್ರೇಕು ರಬ್ಬರು ಹಾಕಿಸಿಯೇ ಹೋಗಿ. ನಮ್ಮ ಹೊಸ ರಬ್ಬರು ಒಂದೇ ಇಳಿತದಲ್ಲಿ ಎಷ್ಟು ಸವೆದಿತ್ತು ಎಂದು ಸೈಕಲ್ಲು ಅಂಗಡಿಯವರು ಬೆರಳಿಟ್ಟು ತೋರಿಸಿದರು.

ಈ ವಾರದ ಲೆಕ್ಕ: ನಿಮ್ಮ ತೂಕಕ್ಕೆ ಸೈಕಲ್ಲಿನ 15 ಕಿಲೋ ಸೇರಿಸಿ, ಆಗುಂಬೆಗೆ ನಿಮಗೆ ಎಷ್ಟು ಬಾಳೆಹಣ್ಣು ಬೇಕೆಂದು ಕಂಡುಹಿಡಿಯಿರಿ. ಅಜ್ಜ ಅಜ್ಜಿಯರ ತೂಕಕ್ಕೂ ಮಾಡಿ. ಘಾಟಿಯನ್ನು ನಡೆದೋ, ಗಾಡಿಯಲ್ಲೋ, ಸೈಕಲ್ಲಿನಲ್ಲೋ ಹತ್ತಿದವರು ನಿಮ್ಮ ಮನೆಯಲ್ಲಿದ್ದರೆ ಹೇಗೆ ಹತ್ತಿದರು, ಏನು ತಿಂದರು ಎಂದು ಕೇಳಿ ಅದನ್ನೂ ಬರೆದು ಕಳಿಸಿ. ಕಾರ್ಡಿನ ಮೇಲೆ ತರಗತಿ ಮತ್ತು ಊರು ಇರಲಿ.